ಉದ್ಯಾನದ ಜೊತೆಗೆ ದಾರಿಯನ್ನೂ ಕೇಳಿ

‘ಮಕ್ಕಳಸ್ನೇಹಿ ನಗರ’ದ ಹೆಸರಿನಲ್ಲಿ ನಗರಾಡಳಿತ ಒಂದು ಉದ್ಯಾನ ಕಟ್ಟುತ್ತಿದೆ, ಇಷ್ಟು ಸಾಕೇ ಎಂದು ಕೇಳಿದ್ದೀರಿ. ಖಂಡಿತ ಸಾಲದು. ಮಗು ಆ ಉದ್ಯಾನಕ್ಕೆ ನಡೆದು ಹೋಗುವಂತಿದೆಯೇ ಎಂಬುದನ್ನು ಮೊದಲು ನೋಡಿ. ದಾಟುವ ಜಾಗದಲ್ಲಿ ವಾಹನಗಳ ವೇಗ ಗಂಟೆಗೆ 30 ಕಿಲೋಮೀಟರ್ ಮೀರದಂತೆ ತಡೆಗಳಿವೆಯೇ? ಪಾದಚಾರಿ ಮಾರ್ಗ ಅರ್ಧದಲ್ಲೇ ಮುಗಿದುಹೋಗುತ್ತದೆಯೇ? ಮೂರು ವರ್ಷದ ಮಗುವಿನ ಎತ್ತರ ಸುಮಾರು 95 ಸೆಂಟಿಮೀಟರ್. ಆ ಎತ್ತರಕ್ಕೆ ಬಗ್ಗಿ ಒಮ್ಮೆ ಬೀದಿಯನ್ನು ನೋಡಿ. ಸಾಲಾಗಿ ನಿಂತ ಕಾರುಗಳ ಆಚೆ ಏನೂ ಕಾಣುವುದಿಲ್ಲ. ಹಾಗೆ ನೋಡಿದ ದಿನ ನನಗೆ ನಿಜಕ್ಕೂ ಭಯವಾಯಿತು.

ಇನ್ನು, ಮಕ್ಕಳನ್ನೇ ಯಾರಾದರೂ ಕೇಳಿದ್ದಾರೆಯೇ? ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಅವರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಎನ್ನುತ್ತದೆ. ಆಟವಾಡುವುದು ಹಕ್ಕು ಎನ್ನುತ್ತದೆ 31ನೇ ವಿಧಿ. ಯುನಿಸೆಫ್ 1996ರಲ್ಲಿ ಆರಂಭಿಸಿದ ಮಕ್ಕಳಸ್ನೇಹಿ ನಗರಗಳ ಕಾರ್ಯಕ್ರಮ ನಿಂತಿರುವುದೂ ಈ ಒಡಂಬಡಿಕೆಯ ಮೇಲೆಯೇ. ಇಟಲಿಯ ಫಾನೋ ಪಟ್ಟಣದಲ್ಲಿ 1991ರಲ್ಲಿ ಶುರುವಾದ ‘ಮಕ್ಕಳ ನಗರ’ ಯೋಜನೆ ಮಕ್ಕಳ ಮಂಡಳಿಯ ಸಲಹೆ ಕೇಳುವ ಪದ್ಧತಿಯನ್ನೇ ಬೆಳೆಸಿತು.

ನಗರಾಡಳಿತದ ಮುಂದಿನ ಸಭೆಗೆ ನಿಮ್ಮ ಮಗಳನ್ನೋ ಮಗನನ್ನೋ ಕರೆದುಕೊಂಡು ಹೋಗಿ, ಶಾಲೆಯ ದಾರಿಗೆ ಬಜೆಟ್‌ನಲ್ಲಿ ಎಷ್ಟು ಹಣ ಇಟ್ಟಿದ್ದೀರಿ ಎಂದು ನೇರವಾಗಿ ಕೇಳಿ. ಉತ್ತರವನ್ನು ಬರೆಹದಲ್ಲಿಯೇ ಪಡೆಯಿರಿ.