‘ಫೇಮಸ್’ ಹಿಂದೆ ‘ಇನ್’ ಬಂದರೆ ‘ಫೇ’ ಎಲ್ಲಿ ಹೋಯ್ತು?

ಪ್ರಶ್ನೆ: ನಾನು ‘ಇನ್‌ಫೇಮಸ್’ ಎಂದಾಗ ಸಹೋದ್ಯೋಗಿಯೊಬ್ಬರು ‘ಇನ್‌ಫಮಸ್’ ಎಂದು ತಿದ್ದಿದರು. ‘ಫೇಮಸ್’ ಸರಿ ಇರುವಾಗ ‘ಇನ್‌ಫೇಮಸ್’ ಹೇಗೆ ತಪ್ಪಾಗುತ್ತದೆ? ಅರ್ಥವೂ ‘ಹೆಸರಿಲ್ಲದ’ ಎಂದೇ ಅಲ್ವಾ?

ಉತ್ತರ: ತಿದ್ದಿದವರು ಹೇಳಿದ್ದು ಸರಿ. ಅರ್ಥದಲ್ಲೂ ಸ್ವಲ್ಪ ತಿದ್ದಬೇಕಿದೆ. ಇನ್‌ಫಮಸ್ ಎಂದರೆ ಕುಖ್ಯಾತ. ಆ ಮನುಷ್ಯನಿಗೆ ಹೆಸರಿದೆ, ಆದರೆ ಕೆಟ್ಟ ಹೆಸರು. ಯಾರಿಗೂ ಗೊತ್ತಿಲ್ಲದವನನ್ನು ಹೀಗೆ ಕರೆದರೆ ಪಾಪ, ಸುಮ್ನೆ ಅವಮಾನ ಮಾಡಿದಂತೆ.

ಇನ್ನು ಉಚ್ಚಾರಣೆ. ಕನ್ನಡದಲ್ಲಿ ಬರೆದ ಪ್ರತಿ ಅಕ್ಷರಕ್ಕೂ ಅದರ ಪಾಲಿನ ಧ್ವನಿ ಸಿಗುತ್ತದೆ. ಇಂಗ್ಲಿಷ್ ಹಾಗಲ್ಲ. ಒಂದು ಕಡೆ ಒತ್ತು, ಅಂದರೆ ದನಿಯ ಜೋರು, ಬಿದ್ದರೆ ಪಕ್ಕದ ಸ್ವರಗಳು ಸೊರಗುತ್ತವೆ. ಫೇಮಸ್‌ನಲ್ಲಿ ಒತ್ತು ‘ಫೇ’ ಮೇಲಿದೆ. ಇನ್‌ಫಮಸ್‌ನಲ್ಲಿ ಅದು ‘ಇನ್’ ಮೇಲೆ ಹೋಗಿ ಕೂತಿದೆ, ಹಾಗಾಗಿ ‘ಫೇ’ ಬಡವಾಗಿ ‘ಫ’ ಆಯಿತು. ಇದೇ ಗುಂಪಿನವು ಇನ್ನೂ ಇವೆ. ಫೈನೈಟ್ ಎಂದರೆ ಮಿತಿ ಇರುವುದು, ಮಿತಿ ಇಲ್ಲದ್ದು ಇನ್‌ಫಿನಿಟ್. ‘ಇನ್‌ಫೈನೈಟ್’ ಅಲ್ಲ. ಪೋಟೆಂಟ್ ಎಂದರೆ ಶಕ್ತಿಯುಳ್ಳ, ಅದರ ವಿರುದ್ಧ ಪದ ಇಂಪಟೆಂಟ್. ‘ಇಂಪೋಟೆಂಟ್’ ಅಲ್ಲ. ದೈವಭಕ್ತಿಯುಳ್ಳವ ಪಯಸ್, ಇಲ್ಲದವ ಇಂಪಿಯಸ್. ಈ ಕೊನೆಯದನ್ನು ಇಂಪಯಸ್ ಎಂದರೂ ನಡೆಯುತ್ತದೆ, ನಿಘಂಟುಗಳು ಎರಡನ್ನೂ ಕೊಡುತ್ತವೆ.

ಹೀಗೇಕೆ? ಈ ಪದಗಳ ತಲೆಗೆ ‘ಇನ್’ ಅಂಟಿದ್ದು ಇಂಗ್ಲಿಷ್‌ನಲ್ಲಲ್ಲ, ಲ್ಯಾಟಿನ್‌ನಲ್ಲೇ. ಇಡೀ ಪದವೇ ಎರವಲಾಗಿ ಬಂತು, ಹಾಗಾಗಿ ಒತ್ತೂ ಅದನ್ನು ಒಂದೇ ಪದವೆಂದು ನೋಡಿತು. ‘ಅನ್’ ಮಾತ್ರ ಹಳೆಯ ಇಂಗ್ಲಿಷ್‌ನ ಮನೆಮಗ. ಅದು ಎಲ್ಲಿ ಸೇರಿದರೂ ಮೂಲ ಪದದ ತಂಟೆಗೆ ಹೋಗುವುದಿಲ್ಲ. ಹ್ಯಾಪಿ ಇದ್ದದ್ದು ಅನ್‌ಹ್ಯಾಪಿ, ನೋನ್ ಇದ್ದದ್ದು ಅನ್‌ನೋನ್, ಅಷ್ಟೇ. ‘ಇನ್’ ಸೇರಿದ ಎಲ್ಲ ಪದಗಳಲ್ಲೂ ಒತ್ತು ಜಾಗ ಬದಲಿಸುತ್ತದೆ ಎಂದು ಹೆದರಬೇಡಿ. ಕರೆಕ್ಟ್, ಇನ್‌ಕರೆಕ್ಟ್, ವಿಸಿಬಲ್, ಇನ್‌ವಿಸಿಬಲ್. ಇವು ಸಾಧುಗಳು. ತೊಂದರೆ ಕೊಡುವವು ಬೆರಳೆಣಿಕೆಯಷ್ಟು, ಬಾಯಿಪಾಠ ಮಾಡಿದರೆ ಮುಗಿಯಿತು.

‘ಇನ್‌ವ್ಯಾಲಿಡ್’ ಬಗ್ಗೆ ಮಾತ್ರ ಹುಷಾರು. ‘ವ್ಯಾ’ ಮೇಲೆ ಒತ್ತು ಕೊಟ್ಟರೆ ಅಸಿಂಧು. ‘ಇನ್’ ಮೇಲೆ ಕೊಟ್ಟು ಇನ್‌ವಲಿಡ್ ಎಂದರೆ ಕಾಯಿಲೆಯಿಂದ ಕೈಲಾಗದೆ ಮಲಗಿದವರು. ಕಾಗುಣಿತ ಒಂದೇ!

ಪ್ರಶ್ನೆ: ‘ಇಲ್ಲೀಗಲ್’, ‘ಇರ್ರೆಗ್ಯುಲರ್’ ಪದಗಳಲ್ಲಿ ಎರಡು ಎಲ್, ಎರಡು ಆರ್ ಇವೆ. ಎರಡನ್ನೂ ಹೇಳಬೇಕಾ?

ಉತ್ತರ: ಬೇಡ. ಇಲೀಗಲ್, ಇರೆಗ್ಯುಲರ್. ಒತ್ತಕ್ಷರ ಕಂಡರೆ ಒತ್ತಿ ಹೇಳುವುದು ನಮ್ಮ ಕನ್ನಡದ ಅಭ್ಯಾಸ. ಅಲ್ಲಿ ಜೋಡಿ ಅಕ್ಷರ ಬರವಣಿಗೆಯಲ್ಲಿ ಮಾತ್ರ.

ಇವೂ ಮೂಲದಲ್ಲಿ ‘ಇನ್’ ಪದಗಳೇ. ಮುಂದಿನ ಅಕ್ಷರಕ್ಕೆ ತಕ್ಕಂತೆ ‘ನ್’ ವೇಷ ಬದಲಿಸಿದೆ. ಪ, ಬ, ಮ ಮುಂದಿದ್ದರೆ ‘ಇಮ್’ ಆಗುತ್ತದೆ, ತುಟಿ ಮುಚ್ಚಲು ಅದೇ ಸುಲಭ. ‘ಸಂತೋಷ’ ಹೇಳುವಾಗ ಸೊನ್ನೆ ‘ನ್’ ಆಗುತ್ತದೆ, ‘ಸಂಪತ್ತು’ ಹೇಳುವಾಗ ‘ಮ್’ ಆಗುತ್ತದೆ ಅಲ್ವಾ? ಅದೇ ಕಥೆ. ‘ಅನ್’ ಬರವಣಿಗೆಯಲ್ಲಿ ಹೀಗೆ ಬದಲಾಗುವುದಿಲ್ಲ. ಅನ್‌ಲಕಿ, ಅನ್‌ರಿಯಲ್ ಹಾಗೇ ಉಳಿಯುತ್ತವೆ. ‘ಅನ್‌ನೆಸೆಸರಿ’ ಎನ್ನುವಾಗ ಎರಡೂ ‘ನ’ ಕೇಳಿಸಬೇಕು. ಇಲ್ಲಿ ನಮ್ಮ ಅಭ್ಯಾಸ ಸಹಾಯಕ್ಕೆ ಬರುತ್ತದೆ.

ಪ್ರಶ್ನೆ: ಡಬ್ಬಿಯ ಮೇಲೆ ‘ಇನ್‌ಫ್ಲೇಮಬಲ್’ ಎಂದಿದ್ದರೆ ಬೆಂಕಿಯ ಭಯ ಇಲ್ಲ ತಾನೇ?

ಉತ್ತರ: ದಯವಿಟ್ಟು ಬೆಂಕಿಯಿಂದ ದೂರ ಇಡಿ! ಇಲ್ಲಿನ ‘ಇನ್’ ನಿಷೇಧದ್ದಲ್ಲ, ‘ಒಳಗೆ’ ಎನ್ನುವ ಬೇರೆ ‘ಇನ್’. ಹೊತ್ತಿಸು ಎನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಫ್ಲ್ಯಾಮಬಲ್, ಇನ್‌ಫ್ಲ್ಯಾಮಬಲ್ ಎರಡೂ ಒಂದೇ: ಬೇಗ ಹೊತ್ತಿಕೊಳ್ಳುವ ವಸ್ತು. ಹೇಳುವಾಗಲೂ ‘ಫ್ಲೇ’ ಅಲ್ಲ, ‘ಫ್ಲ್ಯಾ’. ನಿಮ್ಮಂತೆ ಇಂಗ್ಲಿಷ್ ಮಾತಾಡುವವರೇ ಗೊಂದಲಪಟ್ಟಾರು ಎಂಬ ಭಯಕ್ಕೆ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲೇ ‘ಫ್ಲ್ಯಾಮಬಲ್’ ಬಳಸಿ ಎಂದು ಒತ್ತಾಯಿಸಿತ್ತು. ಹೊತ್ತಿಕೊಳ್ಳದ ವಸ್ತುವಿಗೆ ನಾನ್‌ಫ್ಲ್ಯಾಮಬಲ್ ಎನ್ನುತ್ತಾರೆ.

‘ಇನ್‌ವ್ಯಾಲ್ಯುಯಬಲ್’ ಕೂಡ ಹೀಗೇ ಕಾಲೆಳೆಯುತ್ತದೆ. ಅದರಲ್ಲಿ ‘ಇನ್’ ನಿಷೇಧದ್ದೇ, ಆದರೆ ಬೆಲೆ ಇಲ್ಲದ್ದು ಎಂದಲ್ಲ, ಬೆಲೆ ಕಟ್ಟಲಾಗದ್ದು ಎಂದು.

ಪ್ರಶ್ನೆ: ‘ಇಮ್ಮಾರಲ್’ಗೂ ‘ಅಮಾರಲ್’ಗೂ ಏನು ವ್ಯತ್ಯಾಸ?

ಉತ್ತರ: ಎರಡನೆಯದನ್ನು ಏಮಾರಲ್ ಎನ್ನಿ. ಏಟಿಪಿಕಲ್‌ನಲ್ಲೂ ಹೀಗೇ ‘ಏ’. ನೀತಿಗೆ ವಿರುದ್ಧವಾಗಿ ನಡೆದರೆ ಇಮಾರಲ್. ನೀತಿಯ ಪ್ರಶ್ನೆಯೇ ಅನ್ವಯಿಸದಿದ್ದರೆ ಏಮಾರಲ್. ಸುಳ್ಳುಗಾರ ಇಮಾರಲ್, ಸುಂಟರಗಾಳಿ ಏಮಾರಲ್.

ಪ್ರಶ್ನೆ: ‘ಮೈಸಲ್ಡ್’ ಎಂದರೇನು? ನಿಘಂಟಿನಲ್ಲಿ ಸಿಗುತ್ತಿಲ್ಲ.

ಉತ್ತರ: ಸಿಗುವುದಿಲ್ಲ. ಅದು misled. ‘ಮಿಸ್’, ‘ಲೆಡ್’ ಎಂದು ಒಡೆದು ಮಿಸ್‌ಲೆಡ್ ಎಂದು ಓದಬೇಕು. ತಪ್ಪು ದಾರಿಗೆ ಎಳೆಯಲ್ಪಟ್ಟವರು ಎಂದು ಅರ್ಥ.