ಬಾರ್ಬಡೋಸ್: ಬಾತ್‌ಶೀಬಾದಲ್ಲಿ ಮಕ್ಕಳಿಗೆ ಈಜೋಕೆ ಆಗ್ತಿಲ್ಲ ಅಂದ್ರೆ

ಮಕ್ಕಳ ಜೊತೆ ಬಾತ್‌ಶೀಬಾದಲ್ಲಿ ರೂಮ್ ಮಾಡಿ, ಇನ್ನೆರಡು ದಿನ ಬಾಕಿ ಇದ್ದು, ರೂಮ್ ಬದಲಿಸೋದಾ ಅಂತ ಯೋಚಿಸುತ್ತಿದ್ದರೆ ಇದು ನಿಮಗೆ. ತೊಂದರೆ ಇರುವುದು ನೀವು ಉಳಿದುಕೊಂಡಿರುವ ಕಡೆಯಲ್ಲೇ. ಬಾತ್‌ಶೀಬಾ ಇರುವುದು ದ್ವೀಪದ ಪೂರ್ವ ಕರಾವಳಿಯಲ್ಲಿ, ಅಟ್ಲಾಂಟಿಕ್ ಅಲೆ ನೇರವಾಗಿ ಬಂದು ಬಡಿಯುತ್ತದೆ, ಸೆಳೆತವೂ ಜಾಸ್ತಿ. ಅಲ್ಲಿ ಮಕ್ಕಳನ್ನು ನೀರಿಗೆ ಇಳಿಸಲೇಬೇಡಿ.

ಇನ್ನೆರಡು ದಿನಕ್ಕೆ ಸುಮ್ನೆ ರೂಮ್ ಬದಲಿಸಬೇಡಿ. ಬೆಳಿಗ್ಗೆ ಬೇಗ ರಾಜಧಾನಿ ಬ್ರಿಡ್ಜ್‌ಟೌನ್ ಕಡೆ ಹೋಗುವ ಸರ್ಕಾರಿ ನೀಲಿ ಬಸ್ ಹತ್ತಿ. ಚಿಲ್ಲರೆ ವಾಪಸ್ ಕೊಡುವುದಿಲ್ಲ, ಅದಕ್ಕೇ ಹಿಂದಿನ ರಾತ್ರಿಯೇ ಎಲ್ಲರ ಟಿಕೆಟ್‌ಗೂ ಸರಿಯಾಗಿ ನಾಣ್ಯ ಎಣಿಸಿಟ್ಟುಕೊಳ್ಳಿ. ಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಕಾರ್ಲೈಲ್ ಬೇ ಇದೆ. ನೀರು ಕೆರೆಯ ಹಾಗೆ ಶಾಂತ, ಈಜು ಕನ್ನಡಕ ಹಾಕಿಕೊಂಡು ಮುಳುಗಿದರೆ ಆಮೆಗಳು ಕಾಣಬಹುದು, ಆದರೆ ಇಂಥ ದಿನ ಕಂಡೇ ಕಾಣುತ್ತವೆ ಅಂತ ಹೇಳೋಕಾಗಲ್ಲ.

ಬೀಚಿನಲ್ಲಿ ಕಾಂಡಕ್ಕೆ ಕೆಂಪು ಪಟ್ಟಿ ಬಳಿದ ಮರ ಕಂಡರೆ ದೂರ ಇರಿ. ಅದು ಮ್ಯಾಂಚಿನೀಲ್. ಹಣ್ಣು ಪುಟ್ಟ ಹಸಿರು ಸೇಬಿನ ಹಾಗೇ ಇರುತ್ತದೆ, ಮಕ್ಕಳು ಕಚ್ಚಿಬಿಡಬಹುದು, ಅದು ವಿಷ. ಮಳೆ ಬಂದರೂ ಅದರ ಕೆಳಗೆ ನಿಲ್ಲಬೇಡಿ, ಎಲೆಯಿಂದ ತೊಟ್ಟಿಕ್ಕುವ ನೀರು ತಾಗಿದರೂ ಮೈಮೇಲೆ ಗುಳ್ಳೆ ಏಳುತ್ತದೆ.

ಶಾಪಿಂಗ್‌ಗೆ ಬ್ರಿಡ್ಜ್‌ಟೌನ್‌ನ ಬ್ರಾಡ್ ಸ್ಟ್ರೀಟ್. ತೆರಿಗೆ ಇಲ್ಲದ ಬೆಲೆಗೆ ಬೇಕಾದರೆ ಪಾಸ್‌ಪೋರ್ಟ್, ವಾಪಸ್ ಟಿಕೆಟ್ ಎರಡೂ ಜೊತೆಗಿರಲಿ. 1 ಅಮೆರಿಕನ್ ಡಾಲರಿಗೆ ಅಲ್ಲಿನ 2 ಡಾಲರ್, ಬೆಲೆ ಯಾವುದರಲ್ಲಿ ಹೇಳುತ್ತಿದ್ದಾರೆ ಅಂತ ಮೊದಲೇ ಕೇಳಿ. ಮಿಲಿಟರಿ ಡಿಸೈನಿನ ಬಟ್ಟೆ ಮಕ್ಕಳಿಗೂ ಹಾಕಬೇಡಿ, ಅಲ್ಲಿ ಕಾನೂನಿನಲ್ಲೇ ನಿಷೇಧ.