ಪಶ್ಚಿಮದ ದೇಶಗಳು ಶಸ್ತ್ರ ಕೊಡುವುದನ್ನು ನಿಲ್ಲಿಸಿದರೆ ಉಕ್ರೇನ್ ಯುದ್ಧ ಮುಗಿಯುತ್ತದೆಯೇ?

ಮುಗಿಯುವುದಿಲ್ಲ ಅನ್ನುವುದೇ ನನ್ನ ಅನಿಸಿಕೆ. ಊಹೆ ಮಾಡಬೇಕಾಗೂ ಇಲ್ಲ, ಇದು ಅರ್ಧಂಬರ್ಧ ನಡೆದೇ ಹೋಗಿದೆ. ಅಮೆರಿಕದ ಸುಮಾರು 61 ಬಿಲಿಯನ್ ಡಾಲರ್ ನೆರವು ಅಲ್ಲಿನ ಸಂಸತ್ತಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡು, 2024ರ ಏಪ್ರಿಲ್‌ನಲ್ಲಷ್ಟೇ ಬಿಡುಗಡೆಯಾಯಿತು. ಅಷ್ಟರಲ್ಲಿ ಉಕ್ರೇನಿನ ಸೈನಿಕರ ಬಳಿ ಫಿರಂಗಿ ಇತ್ತು, 155 ಎಂಎಂ ಶೆಲ್‌ಗಳಿಗೆ ಬರ. ಎಣಿಸಿ ಎಣಿಸಿ ಹಾರಿಸುತ್ತಿದ್ದರು. ಶಾಂತಿಯೇನೂ ಬರಲಿಲ್ಲ, ಆ ಫೆಬ್ರವರಿಯಲ್ಲಿ ಪೂರ್ವ ಉಕ್ರೇನಿನ ಅವ್ದಿವ್ಕಾ ಪಟ್ಟಣ ಕೈತಪ್ಪಿ ರಷ್ಯಾದ ಪಾಲಾಯಿತು.

ಹಾಗಂತ ಶಸ್ತ್ರ ಸುರಿದರೆ ಸಾಕು ಎಂದೂ ಅಲ್ಲ. ಉಕ್ರೇನಿನ 2023ರ ಪ್ರತಿದಾಳಿಯಲ್ಲಿ ಜರ್ಮನಿಯ ಲೆಪರ್ಡ್ ಟ್ಯಾಂಕುಗಳಿದ್ದೂ ನೆಲಬಾಂಬುಗಳ ನಡುವೆ ಹೆಚ್ಚು ದೂರ ಸಾಗಲಾಗಲಿಲ್ಲ.

ಮಾತುಕತೆಯ ಗಂಟು ಇರುವುದು ಬೇರೆ ಕಡೆ. 2022ರ ಸೆಪ್ಟೆಂಬರ್‌ನಲ್ಲಿ ರಷ್ಯಾ ನಾಲ್ಕು ಪ್ರಾಂತ್ಯಗಳನ್ನು ತನ್ನದೆಂದು ಘೋಷಿಸಿತು. ಅದರಲ್ಲಿ ಖೆರ್ಸೊನ್ ನಗರವನ್ನು ಆರೇ ವಾರಕ್ಕೆ ಬಿಟ್ಟು ಹೋಗಬೇಕಾಯಿತು! ಆದರೂ 2024ರ ಜೂನ್‌ನಲ್ಲಿ ಪುಟಿನ್ ಇಟ್ಟ ಷರತ್ತು, ಆ ನಾಲ್ಕನ್ನೂ ಉಕ್ರೇನ್ ಪೂರ್ತಿ ತೆರವು ಮಾಡಬೇಕು, ಪಶ್ಚಿಮದ ಸೇನಾ ಕೂಟವಾದ ನ್ಯಾಟೋ ಸೇರುವ ಆಸೆಯನ್ನೂ ಬಿಡಬೇಕು ಎಂದು. ಉಕ್ರೇನ್ ಕೇಳುವುದು ಭದ್ರತೆಯ ಖಾತ್ರಿ. 1994ರಲ್ಲಿ ಅಣ್ವಸ್ತ್ರ ಬಿಟ್ಟುಕೊಟ್ಟು ಬುಡಾಪೆಸ್ಟ್‌ನಲ್ಲಿ ಪಡೆದ, ಗಡಿಗಳನ್ನು ಗೌರವಿಸುವ ಭರವಸೆಯ ಕಾಗದಕ್ಕೆ ರಷ್ಯಾವೂ ಸಹಿ ಹಾಕಿತ್ತಲ್ಲ, ಆಮೇಲೆ ಅದೇ ಮುರಿಯಿತು. ಹಾಗಾಗಿ ಕದನವಿರಾಮಕ್ಕಿಂತ ಅದನ್ನು ಕಾಯುವವರು ಯಾರು ಅನ್ನುವುದರ ಮೇಲೆಯೇ ಜಗ್ಗಾಟ ಹೆಚ್ಚು.